“ಆತ್ ಅಂತ ಕೇಳಿಸ್ತು”

ನಮ್ಮ ಅಕ್ಕ ತನ್ನ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಕಟ್ಟಿಕೊಂಡವಳೇ ಹೇಳದ ಹೆಸರನ್ನು ನಾನು ಇಲ್ಲಿ ಹೇಳಿದರೆ, ಸತ್ತು ಎಲ್ಲಿದ್ದಾಳೋ ಅಲ್ಲಿಂದಲೇ ಬಂದು ನನ್ನ ತುರುಬು ಜಗ್ಗುತ್ತಾಳೆ. ಹಾಗಾಗಿ ಅವರು ಇಲ್ಲಿಯೂ ಬರೀ ಮಾಮಾ. ನಮ್ಮ ಕಡೆ ಅಕ್ಕನ ಗಂಡನನ್ನು ಹಾಗೇ ಕರೆಯುವುದು.

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಇತ್ತೀಚೆಗಷ್ಟೇ ಕಲಿಸಿದಳು. ಮಾಮಾ ಎಂದು ಒತ್ತಿದರೆ ಈ ಫೋನು ಮಾವು ಬೇಕೇ, ಮಾಂಸ ಬೇಕೇ ಎಂದು ಕೇಳುತ್ತದೆ. ಎರಡೂ ಬೇಡ, ಹಲ್ಲಿಲ್ಲ. ಮೊನ್ನೆ ಆ ಹುಡುಗಿ ಇದೇ ಫೋನಿನಲ್ಲಿ ಕಾಲ್ಚೆಂಡಿನ ಆಟ ನೋಡುತ್ತ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಬಗ್ಗಿ ನೋಡಿದೆ. “ಅಜ್ಜಿ, ನಿನಗ ಇದು ತಿಳಿಯಂಗಿಲ್ಲ ಬಿಡು” ಎಂದಳು. ಮೈದಾನದ ನಡುವೆ ಹಾಫ್ ಆಡುವವನು ತನ್ನದೇ ಗೋಲಿನ ಮುಂದೆ ಚೆಂಡನ್ನು ಕೈಯಲ್ಲಿ ಹಿಡಿದರೆ ಏನಾಗುತ್ತದೆ ಎಂಬುದು ನನಗೆ ತಿಳಿದಷ್ಟು ಅವಳಿಗೇನು ತಿಳಿದೀತು? ಅದೊಂದು ಸಂಗತಿಗಾಗಿ ನಮ್ಮ ಮನೆಯಲ್ಲಿ ಗಂಡ ಹೆಂಡತಿ ವರ್ಷಗಟ್ಟಲೆ ಸರಿಯಾಗಿ ಮಾತಾಡಿರಲಿಲ್ಲ.

ಮಾಮಾ ಸಂಖದವರು, ಮಹಾರಾಷ್ಟ್ರದ ಗಡಿಯೊಳಗೆ ಸೇರಿದ ಕನ್ನಡದ ಊರು. ಕುರಿ ಕಾಯುವ ಮನೆತನ, ಜೊತೆಗೆ ಒಂದಿಷ್ಟು ಒಣ ಹೊಲ. ಅಕ್ಕನ ಜೊತೆ ನಾನೂ ಆ ಮನೆಯಲ್ಲೇ ಬೆಳೆದೆ, ಅವರ ಅಪ್ಪನನ್ನು ಮುತ್ಯಾ ಎನ್ನುತ್ತಿದ್ದೆ. ಹೆಗಲ ಮೇಲೆ ಕಂಬಳಿ ಇಲ್ಲದೆ ಊಟಕ್ಕೂ ಕೂಡದ ಮನುಷ್ಯ. ಮಗ ನಾಲ್ಕು ಅಕ್ಷರ ಕಲಿಯಲಿ ಎಂದು ಅವರು ಜತ್ತದ ಸಾಲಿಗೆ ಕಳಿಸಿದರೆ, ಮಗ ಅಕ್ಷರವನ್ನು ಅರ್ಧ ಕಲಿತು ಕಾಲ್ಚೆಂಡನ್ನು ಪೂರ್ತಿ ಕಲಿತು ಬಂದರು. ಆಗ ಜತ್ತ ಇನ್ನೂ ಸಂಸ್ಥಾನ. ಸಾಲಿಯ ಹಿಂದಿನ ಬಯಲಿನಲ್ಲಿ ದಿನಾ ಸಂಜೆ ಆಟ ನಡೆಯುತ್ತಿತ್ತಂತೆ. ಆಮೇಲೆ ಸಂಸ್ಥಾನ ಹೋಯಿತು, ಜೊತೆಗೆ ಆಡುತ್ತಿದ್ದವರೆಲ್ಲ ಒಬ್ಬ ಊರ ಲೆಕ್ಕ ಬರೆಯುವ ತಲಾಠಿಯಾಗಿ, ಒಬ್ಬ ಕಂಡಕ್ಟರನಾಗಿ ಚದುರಿ ಹೋದರು. ಮಾಮಾ ಏನೂ ಆಗಲಿಲ್ಲ. ಚೆಂಡು ಒದೆಯುತ್ತಲೇ ಉಳಿದರು.

ನೋಡಲಿಕ್ಕೆ ದೊಡ್ಡ ಆಳಲ್ಲ. ಮೇಲಿನ ಅರ್ಧ ಒಬ್ಬರದು, ಕೆಳಗಿನ ಅರ್ಧ ಇನ್ನೊಬ್ಬರದು ಎನ್ನುವಂತೆ ಇದ್ದರು. ಎದೆ ಬಡಕಲು, ಮೀನಖಂಡ ಮಾತ್ರ ಒನಕೆಯಂತೆ ಗಟ್ಟಿ. ಮಲಗಿದಾಗ ಕಾಲನ್ನು ಗೋಡೆಗೆ ಏರಿಸಿ ಮಲಗುತ್ತಿದ್ದರು. ರಕ್ತ ಇಳಿಯುತ್ತದೆ ಎನ್ನುತ್ತಿದ್ದರು. ಸಾರಿಸಿದ ಗೋಡೆಯ ಮೇಲೆ ಅವರ ಎರಡು ಹಿಮ್ಮಡಿಯ ಗುರುತು ಮೂಡಿ, ಅಕ್ಕ ಎಷ್ಟು ಸಲ ಸಾರಿಸಿದರೂ ಮತ್ತೆ ಅಲ್ಲೇ ಮೂಡುತ್ತಿತ್ತು. ನಾನು ಒಮ್ಮೆ ಹಬ್ಬದ ಹಿಂದಿನ ದಿನ ಆ ಎರಡು ಗುರುತಿಗೆ ಕುಂಕುಮ ಹಚ್ಚಿ, ಎರಡು ಹೂವು ಸಿಕ್ಕಿಸಿಟ್ಟೆ. ಮುತ್ಯಾ ಅದು ಯಾವುದೋ ಪಾದವೆಂದು ಕೈ ಮುಗಿದೇಬಿಟ್ಟರು. ಮಾಮಾ ನನ್ನನ್ನು ಹಿಡಿದು ಬೈಯುತ್ತಾರೆಂದು ಹಿತ್ತಿಲಿಗೆ ಓಡಿದೆ. ಅವರು ಬೈಯಲಿಲ್ಲ. “ಸಣ್ಣಾಕಿ, ಎಡಗಾಲಿಗೆ ಒಂದ ಹೂವು ಜಾಸ್ತಿ ಇಡಬೇಕಿತ್ತು. ಅದ ನನಗ ಅನ್ನಾ ಹಾಕ್ತೈತಿ” ಎಂದರು. ನನ್ನನ್ನು ಅವರು ಕಡೆಯವರೆಗೂ ಸಣ್ಣಾಕಿ ಎಂದೇ ಕರೆದರು, ನನಗೆ ಸೊಸೆ ಬಂದ ಮೇಲೂ.

ಆಗ ನಮ್ಮ ಕಡೆ ಬೂಟು ಹಾಕಿ ಆಡುವವರು ಕಡಿಮೆ. ಕಾಲಗಿಣ್ಣಿಗೆ ಬಟ್ಟೆಯ ಪಟ್ಟಿ ಬಿಗಿದು ಬರಿಗಾಲಲ್ಲೇ ಆಡುತ್ತಿದ್ದರು. ಮಾಮಾನ ಪಟ್ಟಿ ಅಕ್ಕನ ಹಳೆಯ ಸೀರೆಯದು. ಒಂದು ಸಲ ಹಳೆಯದು ಸಿಗದೆ, ಕೈಗೆ ಸಿಕ್ಕದ್ದನ್ನು ಹರಿದುಕೊಂಡು ಹೋಗಿಬಿಟ್ಟರು. ಅದು ಅಕ್ಕನ ಮದುವೆಯ ಹಸಿರು ಸೀರೆ, ಒಮ್ಮೆ ಉಟ್ಟು ಎತ್ತಿಟ್ಟದ್ದು. ಊರಿಗೆ ಬಂದಾಗ ಅಕ್ಕ ಆ ಪಟ್ಟಿಗಳನ್ನು ಒಗೆದು, ಒಣಹಾಕಿ, ಅವರ ಎದುರಿಗೇ ಸೊಂಟಕ್ಕೆ ಸುತ್ತಿಕೊಂಡು, “ಹೆಂಗ ಕಾಣ್ತೈತ್ರಿ ಸೀರಿ?” ಎಂದಳು. ಮಾಮಾ ಗಂಭೀರವಾಗಿ, “ಸೆರಗ ಒಂಚೂರು ಸಣ್ಣದಾತು” ಎಂದರು. ಇಬ್ಬರೂ ನಕ್ಕರು. ಆಗ ಇನ್ನೂ ನಗುತ್ತಿದ್ದರು.

ಅವರಿಗೆ ಒಂದು ತಂಡ ಅಂತ ಇರಲಿಲ್ಲ. ಸಾಂಗಲಿಯಲ್ಲಿ ಯಾರಿಗೋ ಕಾಲು ಮುರಿದರೆ ಸಾಂಗಲಿಗೆ, ಕೊಲ್ಲಾಪುರದ ಯಾವುದೋ ತಾಲೀಮಿನ ತಂಡದಲ್ಲಿ ಹಾಫ್ ಆಡುವವನಿಗೆ ಮದುವೆಯಾದರೆ ಕೊಲ್ಲಾಪುರಕ್ಕೆ. ದೊಡ್ಡ ತಂಡಗಳಲ್ಲ, ಎರಡನೆಯ, ಮೂರನೆಯ ದರ್ಜೆಯವು. ಹೇಳಿಕಳಿಸಿದರೆ ಇವರು ಹೆಗಲಿಗೆ ಚೀಲ ಹಾಕಿಕೊಂಡು ಹೊರಡುವುದು. ಊರಿಗೆ ಬರುವಾಗ ಮೈಮೇಲೆ ಒಂದೊಂದು ಸಲ ಒಂದೊಂದು ಬಣ್ಣದ ಅಂಗಿ. ಬಸ್ಸಿನಿಂದ ಇಳಿಯುವಾಗಲೇ ಕಟ್ಟೆಯ ಮೇಲಿನವರು, “ಕೆಂಪು ಬಂತಲೋ, ಮಿರ್ಜಿದು”, “ಹಳದಿ ಬಂತು, ಇದ್ಯಾವ ಊರೋ” ಎಂದು ಕೂಗುತ್ತಿದ್ದರು.

“ಒಂದ ಕಡಿ ನಿಂತ ಆಡಾಕ ಏನ್ ಧಾಡಿ ನಿನಗ?” ಎಂದು ಮುತ್ಯಾ ಕೇಳಿದರೆ ಮಾಮಾನದು ಒಂದೇ ಉತ್ತರ. “ಅಪ್ಪಾ, ನಾ ಬದ್ಲಿ ಎತ್ತು.” ಒಬ್ಬರ ಜೋಡೆತ್ತಿನಲ್ಲಿ ಒಂದು ಕುಂಟಿದರೆ, ಬಿತ್ತನೆ ನಿಲ್ಲಬಾರದೆಂದು ಪಕ್ಕದ ಹೊಲದಿಂದ ತಂದು ಹೂಡುವ ಎತ್ತು ಅದು. ಕೆಲಸ ಮುಗಿದರೆ ಮೇವು ಹಾಕಿ ಹೊಡೆದು ಕಳಿಸುವುದು. “ಆದ್ರ ಒಂದ ಮಾತು” ಎನ್ನುತ್ತಿದ್ದರು, “ಬದ್ಲಿ ಎತ್ತು ಹೂಡಿದ ಹೊಲದಾಗೂ ಬೆಳಿ ನೆಟ್ಟಗ ಬರ್ತೈತಿ.”

ನೆಲುವಿನ ಮಾತನ್ನು ಮರೆಯುತ್ತಿದ್ದೆ. ಅಡುಗೆಮನೆಯ ತೊಲೆಗೆ ಮೊಸರಿನ ಗಡಿಗೆ ಇಡಲು ಹಗ್ಗದ ನೆಲುವು ಕಟ್ಟಿರುತ್ತೇವಲ್ಲ, ಮಾಮಾ ಊರಿಗೆ ಬಂದರೆ ಗಡಿಗೆ ಕೆಳಗೆ, ಚೆಂಡು ಮೇಲೆ. ಇಲಿ ಚರ್ಮ ಕಡಿಯುತ್ತದೆ ಎಂಬ ಭಯ ಅವರಿಗೆ. ಚೆಂಡಿಗೆ ಔಡಲೆಣ್ಣೆ ತಿಕ್ಕಿ, ಲೇಸು ಬಿಗಿದು, ಮಗುವನ್ನು ಮಲಗಿಸಿದಂತೆ ನೆಲುವಿನಲ್ಲಿಡುತ್ತಿದ್ದರು. ಕೆಳಗಿಟ್ಟ ಮೊಸರನ್ನು ಒಂದು ದಿನ ಬೆಕ್ಕು ಪೂರ್ತಿ ನೆಕ್ಕಿತು. ಊಟಕ್ಕೆ ಕೂತ ಗಂಡನ ಎದುರು ಅಕ್ಕ ಚೆಂಡು ಮತ್ತು ಕಡಗೋಲು ತಂದಿಟ್ಟು, “ತಗೋರಿ, ಕಡಕೊಂಡ ಮಜ್ಜಿಗಿ ಕುಡೀರಿ” ಎಂದಳು.

ಇವೆಲ್ಲ ಇರಲಿ. ಅವರ ಕಿವಿಯ ವಿಷಯ ಹೇಳದೆ ಮುಂದಿನದು ತಿಳಿಯುವುದಿಲ್ಲ.

ನಮ್ಮೂರಿನವರೆಲ್ಲ ಎರಡು ಭಾಷೆಯವರೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ ಕಲಸಿದ್ದು. ನಮಗೆ ಅದು ಕಷ್ಟವಲ್ಲ. ಮಾಮಾ ಮಾತ್ರ ಬೇರೆ ಥರ. ಪೇಟೆಯಲ್ಲಿ ಆಡಿ ಊರಿಗೆ ಬಂದ ದಿನ ಅವರ ಬಾಯಲ್ಲಿ ಬರೀ ಮರಾಠಿ. ಹೊಸ್ತಿಲು ದಾಟುತ್ತಲೇ ನನಗೆ ಏನೇ ಎನ್ನಲು “ಕಾಯ್ ಗ” ಎನ್ನುವುದು, ಅಕ್ಕನಿಗೆ “ಪಾಣಿ ದೇ” ಎನ್ನುವುದು. ಅಕ್ಕ ನೀರು ಕೊಡುತ್ತ, “ಮನಷ್ಯಾ ಬಂದ್ರು, ನಾಲಿಗಿ ಇನ್ನ ಬಸ್ಸಿನ್ಯಾಗ ಐತಿ” ಎನ್ನುತ್ತಿದ್ದಳು. ಒಂದೆರಡು ದಿನ ಕುರಿಯ ಹಿಂದೆ ಅಡ್ಡಾಡಿ, ಅಪ್ಪನ ಹತ್ತಿರ ಬೈಸಿಕೊಂಡ ಮೇಲೆ ಅವರ ಕನ್ನಡ ಮರಳುತ್ತಿತ್ತು. ಮರಳಿತೆಂದರೆ ಮರಾಠಿ ಪೂರ್ತಿ ಹೋಗುತ್ತಿತ್ತು. ಆಗ ತಲಾಠಿ ಬಂದು ಮಾತಾಡಿಸಿದರೂ ಗಳಿಗೆ ಹೊತ್ತು ಮಿಕಿಮಿಕಿ ನೋಡುತ್ತಿದ್ದರು.

“ಯಾಕ ಮಾಮಾ ಹಿಂಗ?” ಎಂದು ಒಮ್ಮೆ ಕೇಳಿದೆ.

“ಮೈದಾನದಾಗ ಕಿವಿಗೆ ಒಂದ ಭಾಷಾ ಇರಬೇಕು ಸಣ್ಣಾಕಿ. ಹಿಂದಿಂದ ಯಾರೋ ಕೂಗ್ತಾರ, ನೋಡಾಕ ಹೊತ್ತ ಇರಂಗಿಲ್ಲ. ಕಿವಿ ಕೇಳಿದ್ದ ಕಾಲು ಮಾಡಬೇಕು. ನಡುವ ತಲಿ ಬಂದು ಇದು ಅವರ ಮಾತೋ ನಮ್ಮ ಮಾತೋ ಅಂತ ಕೂತ್ರ, ಕಾಲು ನಿಂತ ಬಿಡ್ತಾವ.”

ಅದಕ್ಕೇ ಅವರು ಊರಿನ ಯಾರನ್ನೂ ತಮ್ಮ ಆಟ ನೋಡಲು ಬರಗೊಡುತ್ತಿರಲಿಲ್ಲ. ಜನ ಅದನ್ನು ಸೊಕ್ಕು ಎಂದರು. ಅಕ್ಕನೂ ಒಳಗೊಳಗೆ ಹಾಗೇ ಅಂದುಕೊಂಡಿದ್ದಳೋ ಏನೋ. ಮದುವೆಯಾಗಿ ಅಷ್ಟು ವರ್ಷವಾದರೂ ಗಂಡ ಒಂದು ದಿನ ಚೆಂಡು ಒದ್ದದ್ದನ್ನು ಅವಳು ನೋಡಿರಲಿಲ್ಲ. ಅವರು ಒಗೆಯಲು ತಂದ ಅಂಗಿ, ಪಟ್ಟಿ, ಮೈಮೇಲಿನ ಗಾಯ, ಇಷ್ಟೇ ಅವಳಿಗೆ ಗೊತ್ತಿದ್ದ ಕಾಲ್ಚೆಂಡು.

ಆಮೇಲೆ ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯವರು ಕರೆಸಿದರು. ಗಿರಣಿಗೆ ತನ್ನದೇ ತಂಡವಿತ್ತು. ತಂಡದಲ್ಲಿ ಆಡುವವನಿಗೆ ಗಿರಣಿಯಲ್ಲಿ ಕಾಯಂ ಕೆಲಸ, ಇರಲು ಗಿರಣಿಯ ಚಾಳಿನಲ್ಲಿ ಒಂದು ಖೋಲಿ, ಅಂದರೆ ಒಂದು ಕೋಣೆ. ಮಾಮಾ ಮೊದಲು ಬದ್ಲಿಯಾಗಿ ಆಡುವುದು. ಮಿರ್ಜಿಯಲ್ಲಿ, ಗೆದ್ದವರಿಗೆ ಗುರಾಣಿ ಕೊಡುವ ಢಾಲಿನ ಪಂದ್ಯಾವಳಿಯ ಕಡೆಯ ಮ್ಯಾಚು ಇತ್ತು. ಅದನ್ನು ಗೆದ್ದು ಬಂದರೆ ಮರುದಿನದಿಂದಲೇ ಕಾಯಂ ಮಾಡುತ್ತೇನೆಂದು ಗಿರಣಿಯ ಸಾಹೇಬ ಮಾತು ಕೊಟ್ಟಿದ್ದ.

ಅಕ್ಕನ ಸಂಭ್ರಮ ಏನು ಹೇಳಲಿ! ಗಂಡನ ಜೊತೆ ಒಂದೇ ಸೂರಿನ ಕೆಳಗೆ ದಿನಾ ಇರುವುದೆಂದರೆ ಏನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮಾಮಾನ ಹರಿದ ಅಂಗಿಗಳನ್ನೆಲ್ಲ ಕೂಡಿಸಿ, ಕೆಂಪು, ಹಳದಿ, ನೀಲಿ ತುಂಡು ಜೋಡಿಸಿ, ಖೋಲಿಯಲ್ಲಿ ಹಾಸಲೆಂದು ಒಂದು ಕೌದಿ ಹೊಲಿದಳು. ಅಷ್ಟು ಊರುಗಳ ತಂಡ ಒಂದೇ ಕೌದಿಯಲ್ಲಿ ಜಗಳವಿಲ್ಲದೆ ಕೂತಿದ್ದು ಅದೇ ಮೊದಲು. ದಿನಕ್ಕೊಂದು ಪ್ರಶ್ನೆ ಬೇರೆ.

“ಏನ್ರೀ, ಬೀಸೂ ಕಲ್ಲ ಒಯ್ಯೂಣೇನು?”

“ಬ್ಯಾಡ, ಅಲ್ಲಿ ಗಿರಣಿ ಐತಿ.”

“ಗಿರಣಿ ನೀವು ದುಡ್ಯಾಕ. ನಾ ಹಿಟ್ಟಿಂದ ಕೇಳಾಕತ್ತೀನಿ.”

“ಹಿಟ್ಟಿಗೂ ಗಿರಣಿನ ಐತಿ ಲೇ.”

“ಅವ್ವಯ್ಯ! ಅದ ಗಿರಣ್ಯಾಗ ಅರಿವೀನೂ ನೇಯ್ತಾರ, ಹಿಟ್ಟೂ ಬೀಸ್ತಾರ?”

ಮಾಮಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆ ನಗುವಿನ ನಡುವೆಯೇ ಅಕ್ಕ ಸಮಯ ನೋಡಿ ಕೇಳಿಬಿಟ್ಟಳು. “ಹಂಗಾರ ಮಿರ್ಜಿಗೆ ನಾವೂ ಬರ್ತೀವಿ. ಒಂದ ಸಲ. ನಮ್ಮ ಮನಿ ಯಾವದರ ಮ್ಯಾಲ ನಿಂತೈತಿ ಅಂತ ನಾ ನೋಡಬ್ಯಾಡೇನು?”

ಮಾಮಾ ಗೋಡೆ ನೋಡಿದರು, ನೆಲುವು ನೋಡಿದರು, ಕೌದಿ ನೋಡಿದರು. “ಬರ್ರಿ” ಎಂದರು.

ಊರಿನ ಸಾವುಕಾರರ ಲಾರಿ ಮಿರ್ಜಿಗೆ ಶೇಂಗಾ ಹೊತ್ತು ಹೊರಟಿತ್ತು. ಚೀಲದ ಮೇಲೆ ನಾನು, ಅಕ್ಕ, ಮುತ್ಯಾ, ಇನ್ನೂ ಊರಿನ ಹಲವು ಮಂದಿ. ಬುತ್ತಿ ಕಟ್ಟಿಕೊಂಡು, ಶೇಂಗಾ ತಿನ್ನುತ್ತ, ಸಾವುಕಾರರ ಚೀಲ ಹಗುರ ಮಾಡುತ್ತ ಹೋದೆವು. ಮಾಲು ಇಳಿಸಿದ ಮೇಲೆ ಡ್ರೈವರನನ್ನು ಪುಸಲಾಯಿಸಿ ಲಾರಿಯನ್ನು ಮೈದಾನದ ಅಂಚಿಗೇ ತಂದು ನಿಲ್ಲಿಸಿದೆವು. ಆ ಮೈದಾನದಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಅದೂ ಲಾರಿಯ ಮೇಲೆ ನಿಂತು. ಮಿರ್ಜಿಯ ಜನ ಆಟ ನೋಡುವುದೋ ನಮ್ಮನ್ನು ನೋಡುವುದೋ ತಿಳಿಯದೆ ಕುತ್ತಿಗೆ ನೋಯಿಸಿಕೊಂಡರು.

ಮುತ್ಯಾನಿಗೆ ಎಲ್ಲವನ್ನೂ ನಾನೇ ಹೇಳಬೇಕು.

“ಕಂಬದ ನಡುವ ನಿಂತಾನಲ್ಲ, ಅಂವ ಯಾಂವ?”

“ಗೋಲಿ, ಮುತ್ಯಾ. ಚೆಂಡ ಒಳಗ ಬರದಂಗ ಕಾಯ್ತಾನ.”

“ದಡ್ಡಿ ಬಾಗಲಾ ಕಾಯಾಂವ ಅನ್ನು. ಆ ಕೆಲಸಾ ನಮ್ಮಂವಗ ಕೊಡಬೇಕಿತ್ತು. ಹುಟ್ಟಿದಾಗಿಂದ ಕುರಿ ದಡ್ಡಿ ಕಾದಾನ.”

ಮಾಮಾ ಆಡುವುದನ್ನು ನಾನು ಆ ದಿನ ನೋಡಿದೆ. ಮನೆಯಲ್ಲಿ ಗೋಡೆಗೆ ಕಾಲೇರಿಸಿ ಮಲಗುವ ಮನುಷ್ಯ ಇವರೇನಾ ಎನಿಸಿತು. ಓಡುತ್ತಿರಲಿಲ್ಲ ಅವರು, ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದರು. ಎದುರಿನವರು ಬಂದು ಬಂದು ಇವರಿಗೇ ಡಿಕ್ಕಿ ಹೊಡೆದು ಬೀಳುತ್ತಿದ್ದರು. ನಮ್ಮ ಕಡೆಯವರು ಒಂದು ಗೋಲು ಹಾಕಿದರು. ಆ ಚೆಂಡನ್ನು ನಡುವಿನಿಂದ ಎತ್ತಿಕೊಟ್ಟದ್ದು ಮಾಮಾನ ಎಡಗಾಲು. ಲಾರಿ ಅಲುಗಾಡುವಂತೆ ಕುಣಿದೆವು.

ಅಕ್ಕನಿಗೆ ತಡೆಯಲಾಗಲಿಲ್ಲ. ಎಲ್ಲರೂ ಅವರವರ ಆಟಗಾರರ ಹೆಸರು ಹಿಡಿದು ಕೂಗುತ್ತಿದ್ದಾರೆ. ಇವಳು ಹೆಸರು ಹೇಳುವಂತಿಲ್ಲ. ಲಾರಿಯ ಅಂಚು ಹಿಡಿದು, ಸೆರಗು ಜಾರಿದರೂ ಲೆಕ್ಕಿಸದೆ, “ಏನ್ರೀ! ಏನ್ರೀ!” ಎಂದು ಕೂಗಿದಳು. ಹಿತ್ತಿಲಿನಿಂದ ಊಟಕ್ಕೆ ಕರೆಯುವಾಗ ಕೂಗುವ ಅದೇ ದನಿ. ಅಷ್ಟು ಗದ್ದಲದಲ್ಲಿ ಆ ದನಿ ಹೇಗೆ ಮುಟ್ಟಿತೋ. ಮಾಮಾ ತಿರುಗಿ ನೋಡಿದರು. ಅಕ್ಕನನ್ನು ನೋಡಿ ನಕ್ಕರು. ಮೈದಾನದ ನಡುವೆ ನಿಂತು ಗಂಡ ತನ್ನನ್ನು ನೋಡಿ ನಕ್ಕದ್ದಕ್ಕೆ ಅಕ್ಕನ ಮುಖ ಕೆಂಪಗಾಯಿತು. ನಾನು ಅವಳ ಸೊಂಟಕ್ಕೆ ಚಿವುಟಿದೆ.

ಆಟ ಮುಗಿಯಲು ಬಂದಿತ್ತು. ಎದುರಿನವರು ಹಟಕ್ಕೆ ಬಿದ್ದು ಮೇಲೆ ಮೇಲೆ ಬರುತ್ತಿದ್ದರು. ಒಂದು ಚೆಂಡು ನಮ್ಮವರ ಗೋಲಿನ ಮುಂದೆ ನೆಗೆದು ಬಂತು. ಮಾಮಾ ಅಲ್ಲೇ ಇದ್ದರು, ಗೋಲಿಗೆ ಬೆನ್ನು ಮಾಡಿ. ಹಿಂದಿನಿಂದ ಕಪ್ತಾನ ಏನೋ ಕೂಗಿದ. ಮಾಮಾ ನಿಂತುಬಿಟ್ಟರು. ಮೈ ಸಡಿಲ ಬಿಟ್ಟರು. ಆಮೇಲೆ ಬಗ್ಗಿ, ಚೆಂಡನ್ನು ಎರಡೂ ಕೈಯಿಂದ ಎತ್ತಿ, ಎಳೆಯ ಮರಿಯನ್ನು ಎದೆಗೆ ಒತ್ತಿಕೊಂಡಂತೆ ಒತ್ತಿಕೊಂಡು, ನಗುತ್ತ ನಮ್ಮ ಲಾರಿಯ ಕಡೆಗೆ ನಡೆದು ಬರತೊಡಗಿದರು.

“ಭಲೇ! ಚಲೋ ಹಿಡದ!” ಎಂದು ಮುತ್ಯಾ ಚಪ್ಪಾಳೆ ಹೊಡೆದರು. ನಾವೆಲ್ಲ ಹೊಡೆದೆವು. ಆಟದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಕೆಲಸ ಎಂದುಕೊಂಡೆವು. ನಮ್ಮ ಲಾರಿಯೊಂದನ್ನು ಬಿಟ್ಟು ಇಡೀ ಮೈದಾನ ಸುಮ್ಮನಾಗಿತ್ತು. ಆಗ ಆಟ ನಡೆಸುವ ಪಂಚ ಸೀಟಿ ಊದಿದ. ಕಪ್ತಾನ ತಲೆಗೆ ಕೈ ಹೊತ್ತು, “ಅರೇ, ಹೇ ಕಾಯ್ ಕೇಲಸ್!” ಎಂದು ಕೂತೇಬಿಟ್ಟ. ಏನು ಮಾಡಿಬಿಟ್ಟೆಯೋ ಅಂತ. ಮಾಮಾ ತಮ್ಮ ಕೈಯಲ್ಲಿದ್ದ ಚೆಂಡನ್ನು ನೋಡಿಕೊಂಡರು. ಆ ಮುಖವನ್ನು ನಾನು ಬರೆಯಲಾರೆ.

ಪೆನಾಲ್ಟಿ ಕೊಟ್ಟರು, ಗೋಲಾಯಿತು. ಸರಿಸಮವಾದದ್ದಕ್ಕೆ ಇನ್ನೂ ಸ್ವಲ್ಪ ಹೊತ್ತು ಆಡಿಸಿದರು. ನಮ್ಮವರ ಕಾಲು ಸತ್ತಿತ್ತು. ಇನ್ನೊಂದು ಗೋಲು ಬಿತ್ತು. ಗಿರಣಿಯ ಸಾಹೇಬ ಮೋಟಾರು ಹತ್ತಿ ಹೊರಟುಹೋದ, ಮಾಮಾನ ಕಡೆ ನೋಡಲೂ ಇಲ್ಲ. ಕಪ್ತಾನ ಬಂದು ಅವರ ಚೀಲವನ್ನು ಅವರ ಕೈಗೆ ಕೊಟ್ಟ. ಅಷ್ಟೇ.

ಮಾಮಾ ನಮ್ಮ ಲಾರಿಯಲ್ಲೇ ಊರಿಗೆ ಬಂದರು. ಬಿಸಿಲು ಇನ್ನೂ ಇತ್ತು. ಶೇಂಗಾದ ಖಾಲಿ ಚೀಲದ ಮೇಲೆ ಅಕ್ಕ ಅವರ ಎದುರಿಗೆ ಕೂತಿದ್ದಳು.

“ಚೆಂಡ ಯಾಕ ಎತ್ತಿಕೊಂಡ್ರಿ?”

“ಆತ್ ಅಂತ ಕೇಳಿಸ್ತು.”

“ಯಾರಂದ್ರು?”

“ಕಪ್ತಾನ.”

ಮರಾಠಿಯಲ್ಲಿ ಆತ್ ಎಂದರೆ ಒಳಗೆ. ಒಳಗೆ ಸರಿ, ಗೋಲಿನ ಹತ್ತಿರ ಬಾ ಎಂದು ಕಪ್ತಾನ ಕೂಗಿದ್ದ. ಆಯಿತು, ಮುಗಿಯಿತು ಎನ್ನುವುದಕ್ಕೆ ನಾವು ಆತು ಎನ್ನುತ್ತೇವೆ. ಅವಸರದಲ್ಲಿ ಅದೂ ಆತ್ ಎಂದೇ ಬಾಯಿಂದ ಬೀಳುತ್ತದೆ. ಸೀಟಿ ಆಗಿಹೋಗಿದೆ, ಗೆದ್ದೆವು, ಕಾಯಂ ಆಯಿತು ಎಂದುಕೊಂಡು ಮಾಮಾ ಚೆಂಡು ಎತ್ತಿಕೊಂಡಿದ್ದರು. ಇಷ್ಟನ್ನು ಅವರು ತಡವರಿಸಿ ತಡವರಿಸಿ ಹೇಳಿದರು.

ಅಕ್ಕ ಕೇಳಿಸಿಕೊಂಡು ನಕ್ಕಳು. ಅಂಥ ನಗುವನ್ನು ನಾನು ಅವಳ ಮುಖದಲ್ಲಿ ಮೊದಲು ಕಂಡಿರಲಿಲ್ಲ.

“ಇಷ್ಟು ವರ್ಷ ಅವರ ಜೋಡಿ ಆಡಿ, ಅವರ ಮನ್ಯಾಗ ಉಂಡು, ಹೆಂಡ್ತಿ ಕಡೆ ನೀರು ಬೇಡೂದೂ ಅವರ ಮಾತಿನ್ಯಾಗ. ಇವತ್ತ ಒಂದ ದಿನಾ ನಿಮಗ ಮರಾಠಿ ತಿಳೀಲಿಲ್ಲ?”

ಮಾಮಾ ತಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

“ನನ್ನ ಕರ್ಕೊಂಡ ಹೋಗೂದು ಬ್ಯಾಡಾಗಿದ್ರ ಬಾಯಿಬಿಟ್ಟ ಹೇಳಬೇಕಿತ್ರಿ. ಚೆಂಡ ಎತ್ತೂದು ಯಾಕ ಬೇಕಿತ್ತು?”

ಮಾಮಾ ಬಾಯಿ ತೆರೆದರು. ನಾನು ಅವರ ಪಕ್ಕದಲ್ಲೇ ಇದ್ದೆ, ನೋಡಿದೆ. ಏನೋ ಹೇಳಲು ಹೋದವರು ಅಕ್ಕನ ಮುಖ ನೋಡಿ ನುಂಗಿಕೊಂಡರು. ಕಾಲಿಗೆ ಕಟ್ಟಿದ್ದ ಪಟ್ಟಿ ಬಿಚ್ಚುತ್ತ ಕೂತರು.

ಆ ಕೌದಿಯನ್ನು ಅಕ್ಕ ಮಡಿಚಿ ಅಟ್ಟದ ಮೇಲೆ ಹಾಕಿದಳು. ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಊಟ ಬಡಿಸಿ, “ಆತೇನ್ರಿ?” ಎನ್ನುವಳು. ಸ್ನಾನಕ್ಕೆ ನೀರು ತೋಡಿ, “ಆತೇನ್ರಿ?” ನಮ್ಮ ಮಾತಿನಲ್ಲಿ ಅದು ದಿನಕ್ಕೆ ಹತ್ತಾರು ಸಲ ಬರುವ ಪದ. ಅವಳು ಅದನ್ನು ಅನ್ನುವಾಗ ಮಾತ್ರ ಮಾಮಾ ತಲೆ ತಗ್ಗಿಸುತ್ತಿದ್ದರು. ಗಂಡನಿಗೆ ತಾನು ಬೇಡವಾಗಿದ್ದೇನೆ ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಅವರು ಆಡಲು ಹೊರಟರೆ ಎಲ್ಲಿಗೆ ಎಂದು ಕೇಳುವುದನ್ನು ಬಿಟ್ಟಳು. ಬಂದರೆ ಯಾವಾಗ ಬಂದಿರಿ ಎನ್ನುವುದನ್ನೂ.

ಮಿರ್ಜಿಯ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಚೆಂಡು ಎತ್ತಿಕೊಂಡವನು ಎಂದು ಗುರುತು ಹಿಡಿಯುತ್ತಿದ್ದರು. ದೊಡ್ಡ ಊರಿನಿಂದ ಕರೆ ನಿಂತಿತು, ಸಣ್ಣ ಊರಿನಿಂದ ಬಂತು, ಆಮೇಲೆ ಅದಕ್ಕಿಂತ ಸಣ್ಣ ಊರಿನಿಂದ. ಕೊನೆಗೆ ಶೇಗಾಂವದ ಹುಡುಗರಿಗೂ ಕುಣಿಕೋಣೂರದ ಹುಡುಗರಿಗೂ ಜೋಳ ಕೊಯ್ದ ಹೊಲದಲ್ಲಿ ಪಂದ್ಯ ನಡೆದರೆ ಇವರು ಯಾವುದೋ ಒಂದು ಕಡೆ ಬದ್ಲಿ. ಅಂಗಿಗೆ ಬಣ್ಣವೂ ಇಲ್ಲ. ಕಟ್ಟೆಯವರು ಕೂಗುವುದನ್ನೂ ಬಿಟ್ಟರು.

ಅದೇ ಕಾಲದಲ್ಲಿ ಒಂದು ದಿನ, ಕುರಿಯ ಉಣ್ಣೆ ಕತ್ತರಿಸುವಾಗ ನಾನು ಕುರಿ ಹಿಡಿದಿದ್ದೆ, ಅವರು ಕತ್ತರಿ ಆಡಿಸುತ್ತಿದ್ದರು. ನನಗೆ ನಾಲಿಗೆ ಕಡಿಯುತ್ತಿತ್ತು. “ಮಾಮಾ, ಖರೇ ಹೇಳ್ರಿ. ನಿಮಗ ಮರಾಠಿ ತಿಳೀದಂಗ ಹೆಂಗಾತು?” ಎಂದು ಕೇಳಿಯೇಬಿಟ್ಟೆ.

ಕತ್ತರಿ ನಿಂತಿತು.

“ನಿಮ್ಮಕ್ಕ ಏನ್ರೀ ಅಂದ್ಲಲ್ಲ. ಆ ದನಿ ಕಿವ್ಯಾಗ ಬಿತ್ತು ನೋಡು, ಮರಾಠಿ ಹೋಗಿಬಿಡ್ತು. ಮನಿಗೆ ಬಂದಂಗ ಆತು. ಆಮ್ಯಾಲ ಕೇಳಿದ್ದೆಲ್ಲಾ ಕನ್ನಡನ.”

“ಹಂಗಂತ ಅಕ್ಕಗ ಹೇಳ್ರಲ್ಲ!”

“ಹೇಳಿದ್ರ ಏನಾಕ್ಕೈತಿ? ನನ್ನ ದನಿಂದನ ನನ್ನ ಖೋಲಿ ಹೋತು ಅಂತ ಜೀವಕ್ಕ ಹಚ್ಕೋತಾಳ. ಅದಕ್ಕಿಂತ ನನ್ನ ಮ್ಯಾಲ ಸಿಟ್ಟಿರೂದು ಚಲೋ. ಸಿಟ್ಟು ಇಳೀತೈತಿ. ನೀ ಬಾಯಿ ಬಿಟ್ಟಿ ಅಂದ್ರ ಈ ಕತ್ತರಿ ನಿನ್ನ ಜಡಿಗೆ, ನೋಡಿಕೋ.”

ಸಿಟ್ಟು ಇಳಿಯುತ್ತದೆ ಎಂದು ಅವರು ನಂಬಿದ್ದರು. ಚೆಂಡಿನ ಲೆಕ್ಕ ಅವರಿಗೆ ತಪ್ಪುತ್ತಿರಲಿಲ್ಲ, ಅಕ್ಕನ ಲೆಕ್ಕ ತಪ್ಪಿತು.

ಮರುವರ್ಷ ಜೋಳದ ಕೂಳೆಯ ಮೇಲೆ ಓಡುವಾಗ ಮೊಣಕಾಲು ತಿರುಚಿತು. ಎಡಗಾಲು, ಅನ್ನ ಹಾಕುವ ಕಾಲು. ಬೂದಿ, ಎಣ್ಣೆ, ಪಟ್ಟು ಎಲ್ಲ ಆಗಿ, ಬಾತು, ಕೀವು ತುಂಬಿ, ಜ್ವರ ನೆತ್ತಿಗೇರಿದಾಗ ಅದೇ ಸಾವುಕಾರರ ಲಾರಿಯಲ್ಲಿ ಮಲಗಿಸಿಕೊಂಡು ಮಿರ್ಜಿಯ ದವಾಖಾನೆಗೆ ಒಯ್ದೆವು. ಅಕ್ಕ ಅಟ್ಟದಿಂದ ಆ ಕೌದಿ ತೆಗೆದು ಅವರ ಕೆಳಗೆ ಹಾಸಿದ್ದಳು. ಖೋಲಿಯಲ್ಲಿ ಹಾಸಬೇಕಾದದ್ದು ಲಾರಿಯಲ್ಲಿ ಬಿಚ್ಚಿಕೊಂಡಿತು. ಡಾಕ್ಟರು ನೋಡಿ, ಕೊಯ್ದು ಕೀವು ತೆಗೆಯಬೇಕು, ಜ್ವರ ಬಹಳ ಇದೆ, ಭರವಸೆ ಕೊಡಲಾರೆ ಎಂದರು. ಒಳಗೆ ಒಯ್ದು ಬಾಗಿಲು ಹಾಕಿಕೊಂಡರು.

ಹೊರಗೆ ಕಲ್ಲಿನ ಬೆಂಚಿನ ಮೇಲೆ ನಾನು ಮತ್ತು ಅಕ್ಕ. ಅಕ್ಕ ಬಾಗಿಲನ್ನೇ ನೋಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಬಾಗಿಲು ಒಂಚೂರು ತೆರೆದು ನರ್ಸಬಾಯಿ ತಲೆ ಹೊರಹಾಕಿ, “ಬಾಯೀ, ಆತ್ ಯಾ” ಎಂದಳು.

ಒಳಗೆ ಬನ್ನಿ ಎಂದದ್ದು. ನನಗೆ ಕೇಳಿಸಿತು. ಅಕ್ಕನಿಗೆ ಮೊದಲ ಅರ್ಧ ಸಾಕಾಯಿತು. “ಆತೂ!” ಎಂದು ಒಂದು ಕೂಗು ಹಾಕಿದವಳೇ, ನಾನು ಕೈ ಹಿಡಿಯುವಷ್ಟರಲ್ಲಿ, ಎರಡೂ ಕೈಯ ಬಳೆಗಳನ್ನು ಆ ಕಲ್ಲಿನ ಬೆಂಚಿಗೆ ಅಪ್ಪಳಿಸಿದಳು. ಹಸಿರು ಚೂರು ದವಾಖಾನೆಯ ತುಂಬ ಚೆಲ್ಲಿದವು. ನರ್ಸಬಾಯಿ ಹೆದರಿ ಓಡಿ ಬಂದು ಅವಳನ್ನು ಅಪ್ಪಿ ಹಿಡಿದಳು. “ಅಕ್ಕಾ, ಒಳಗ ಬಾ ಅನ್ನಾಕತ್ತಾರ! ಜೀವಂತ ಅದಾರ!” ಎಂದು ನಾನು ಎಷ್ಟು ಸಲ ಕೂಗಿದರೂ ಅವಳಿಗೆ ತಲೆಗೆ ಹೋಗಲಿಲ್ಲ. ಇಬ್ಬರೂ ಸೇರಿ ಎಳೆದುಕೊಂಡೇ ಒಳಗೆ ಒಯ್ದೆವು.

ಮಾಮಾ ಬಿಳಿಚಿಕೊಂಡು ಮಲಗಿದ್ದರು. ಕಣ್ಣು ತೆರೆದಿದ್ದವು. ಕೂಗು ಅವರಿಗೂ ಕೇಳಿಸಿತ್ತು. ಅಕ್ಕನ ಮುಖ ನೋಡಿದರು. ಆಮೇಲೆ ಅವಳ ಬರಿಗೈ ನೋಡಿದರು, ಮುಂಗೈಯಿಂದ ಸಣ್ಣಗೆ ರಕ್ತ ಬರುತ್ತಿತ್ತು.

“ನಿನಗೂ ಹಂಗ ಕೇಳಿಸ್ತೇನು?” ಎಂದರು.

ಅಕ್ಕ ಹಾಸಿಗೆಯ ಪಕ್ಕ ನೆಲದ ಮೇಲೆ ಕುಸಿದು ಕೂತಳು. ಅವರ ಕೈ ಹಿಡಿದು ಅದರಲ್ಲಿ ಮುಖ ಇಟ್ಟಳು. ಬಿಕ್ಕುವುದು ನಿಂತ ಮೇಲೆ, ತಲೆ ಎತ್ತದೆ ಕೇಳಿದಳು. “ಅವತ್ತ ನಾ ಕೂಗಿದ್ನಲ್ರಿ. ಅದಕ್ಕನ ನಿಮ್ಮ ಕಿವಿ ತಪ್ಪಿತೇನು?”

ನಾನು ಗೋಡೆಯ ಕಡೆ ತಿರುಗಿದೆ.

“ಇಲ್ಲ” ಎಂದರು ಮಾಮಾ. “ಅಷ್ಟ ಗದ್ದಲದಾಗ ನಿನ್ನ ದನಿ ಎಲ್ಲಿ ಕೇಳ್ತೈತಿ? ನೀ ಕೂಗಿದ್ದ ನನಗ ಗೊತ್ತಿಲ್ಲ.”

ಅಕ್ಕ ಅದನ್ನು ನಂಬಿದಳು. ನಂಬಿ ಹಗುರಾದಳು. ಮೈದಾನದ ನಡುವೆ ನಿಂತು ಗಂಡ ತನ್ನನ್ನು ನೋಡಿ ನಕ್ಕದ್ದು ಮಾತ್ರ ಸುಳ್ಳಾಗಿಹೋಯಿತು. ಯಾರನ್ನೋ ನೋಡಿ ನಕ್ಕಿದ್ದರು ಎಂದುಕೊಂಡಳು. ನನಗೆ ಅದೊಂದು ಇವತ್ತಿಗೂ ಸಂಕಟ.

ಸಂಜೆ ಮಾಮಾ ನನ್ನನ್ನು ಕರೆದು, “ಸಣ್ಣಾಕಿ, ಪ್ಯಾಟಿಗೆ ಹೋಗಿ ಬಳಿಗಾರನ್ನ ಕರ್ಕೊಂಡ ಬಾ. ಹಸಿರ ಬಳಿ, ಗಟ್ಟಿಮುಟ್ಟು ಇರಲಿ. ಇಕಿ ಕಿವಿ ಭರೋಸಾ ಇಲ್ಲ” ಎಂದರು. ಬಳೆಗಾರ ದವಾಖಾನೆಯ ಬಾಗಿಲಲ್ಲಿ ಕೂತು ಅಕ್ಕನಿಗೆ ಬಳೆ ಇಡಿಸಿದ. ಮಾಮಾ ಹಾಸಿಗೆಯಿಂದಲೇ ನೋಡುತ್ತಿದ್ದರು. “ಇನ್ನ ಮುಂದ ಯಾರರೆ ಆತು ಅಂದ್ರ ಮೊದ್ಲ ಒಳಗ ಬಂದ ನೋಡು. ಆಮ್ಯಾಲ ಬಳಿ ಒಡಕೋ” ಎಂದರು. ಅಕ್ಕ ಅಳುತ್ತಲೇ ನಕ್ಕಳು.

ಮೊಣಕಾಲು ಮತ್ತೆ ಮಡಚಲಿಲ್ಲ. ಚೆಂಡು ನೆಲುವಿನಲ್ಲಿ ಕೂತು ಕೂತು ಒಣಗಿ ಬಿರಿಯಿತು. ಮಾಮಾ ಕಾಲೆಳೆದುಕೊಂಡು ಕುರಿ ಕಾಯ್ದರು. ದಡ್ಡಿಯ ಬಾಗಿಲಿಗೆ ಅಡ್ಡ ನಿಂತು ಕುರಿ ಒಳಗೆ ಬಿಡುವಾಗ, “ಆತ್! ಆತ್!” ಎಂದು ಮರಾಠಿಯಲ್ಲಿ ಕೂಗುವರು. ಅಕ್ಕ ಕಟ್ಟೆಯ ಮೇಲೆ ಕೂತು, “ಎಲ್ಲಾ ಆತೇನ್ರಿ?” ಎಂದು ಕನ್ನಡದಲ್ಲಿ ಕೇಳುವಳು. ಅದು ಅವರಿಬ್ಬರ ಚೇಷ್ಟೆ. ಊರಿನವರಿಗೆ ತಿಳಿಯುತ್ತಿರಲಿಲ್ಲ. ಸೊಲ್ಲಾಪುರದ ಮಾತು ಮತ್ತೆ ಬರಲಿಲ್ಲ. ಆದರೆ ಯಾರಾದರೂ ಸೊಲ್ಲಾಪುರದಿಂದ ಬಂದರೆ ಅಕ್ಕ, ಅಲ್ಲಿಯ ಚಾಳಿನಲ್ಲಿ ಖೋಲಿ ಎಷ್ಟು ದೊಡ್ಡದಿರುತ್ತದೆ ಎಂದು ಸುಮ್ಮನೆ ಕೇಳುತ್ತಿದ್ದಳು. ಮಾಮಾ ಆಗ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ, ಅವರಿಗೆ ಕೊನೆಯ ಬೇನೆ ಬಂದಾಗ ನಾನು ಸಂಖದಲ್ಲೇ ಇದ್ದೆ. ಮಟಮಟ ಮಧ್ಯಾಹ್ನ. ಅಕ್ಕ ಹೊಸ್ತಿಲ ಹೊರಗೆ ಕೂತಿದ್ದಳು. ಡಾಕ್ಟರು ನಮ್ಮ ಕಡೆಯವರೇ, ಕನ್ನಡದವರು. ಒಳಗಿನಿಂದ ಬಂದು, ತಮ್ಮ ಕೊರಳಲ್ಲಿದ್ದ ಎದೆ ನೋಡುವ ನಳಿಗೆ ತೆಗೆದು ಕೈಯಲ್ಲಿ ಸುತ್ತಿಕೊಳ್ಳುತ್ತ, ಮೆಲ್ಲಗೆ, “ಆತ್ರೀ, ಯವ್ವಾ” ಎಂದರು.

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಯಾರೋ ಒಬ್ಬಳು ಅಕ್ಕನ ಕೈಯ ಬಳೆಗೆ ಕೈ ಹಾಕಿದಳು. ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು.

“ತಾಳ್ರಿ” ಎಂದಳು. “ಮೊದ್ಲ ಒಳಗ ಹೋಗಿ ನೋಡ್ತೀನಿ.”